ಖರಾಬ್ ಆಗ್ಯಾದ್ರಿ!

ನಮ್ಮ ಕಡೆ ಯಾವುದೂ ಕೆಡುವುದಿಲ್ಲ. ಖರಾಬ್ ಆಗುತ್ತದೆ.

ನಂಬಿಕೆ ಇಲ್ಲದಿದ್ದರೆ ಸೇಡಂದಿಂದ ಮುಧೋಳಕ್ಕೆ ಹೊರಟ ಬಸ್ಸು ಹತ್ತಿ ನೋಡಿ. (ಮುಧೋಳ ಅಂದ ಕೂಡಲೇ "ನಾಯಿಮರಿ ಏನ್ ರೇಟ್ರಿ?" ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಆ ಬೇಟೆನಾಯಿಯ ಮುಧೋಳ ಬಾಗಲಕೋಟೆ ಜಿಲ್ಲೆಯದು. ನಮ್ಮದು ಕಲಬುರಗಿ ಜಿಲ್ಲೆ ಸೇಡಂ ತಾಲೂಕಿನ ಮುಧೋಳ, ತೆಲಂಗಾಣದ ಗಡಿ ಕಡೆಯದು. ನಮ್ಮ ನಾಯಿಗಳು ಬೇಟೆ ಆಡುವುದಿಲ್ಲ, ಬಸ್ ನಿಲ್ದಾಣದಲ್ಲಿ ಮಲಗುತ್ತವೆ.) ಬಸ್ಸು ಊರು ದಾಟುವುದರೊಳಗೆ ಕಂಡಕ್ಟರ್ ಶುರು ಮಾಡುತ್ತಾನೆ: "ಮಷೀನ್ ಖರಾಬ್ ಆಗ್ಯಾದ, ಚಿಲ್ರಿ ಕೊಡ್ರಿ." ಹಿಂದಿನ ಸೀಟಿನ ಅವ್ವ ಪಕ್ಕದವಳಿಗೆ ಹೇಳುತ್ತಾಳೆ: "ಮಗನ ತಬಿಯತ್ ಖರಾಬ್ ಆಗಿತ್ತವ್ವಾ, ದವಾಖಾನಿಗಿ ತೋರ್ಸಿ ಬರ್ಲತೀನಿ." ಕಿಟಕಿ ಪಕ್ಕದ ರೈತ ಹೊರಗೆ ನೋಡಿ, "ಹವಾ ಖರಾಬ್ ಅದ, ತೊಗರಿ ಹೂವು ನಿಲ್ಲಾಂಗಿಲ್ಲ" ಎಂದು ಗೊಣಗುತ್ತಾನೆ. ಒಂದು ತಗ್ಗಿಗೆ ಗಾಲಿ ಇಳಿದು ಎಲ್ಲರ ತಲೆಯೂ ತಾರಸಿಗೆ ಬಡಿದಾಗ ಇಡೀ ಬಸ್ಸು ಒಂದೇ ದನಿಯಲ್ಲಿ ರಸ್ತಾ ಖರಾಬ್ ಅದ ಎಂದು ಘೋಷಿಸುತ್ತದೆ. ಅದಾದ ಮೇಲೆ ಯಾರಾದರೂ ಒಬ್ಬ ಮುತ್ಯಾ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು ಅಂತಿಮ ತೀರ್ಪು ಕೊಡುತ್ತಾನೆ: "ಕಾಲನೇ ಖರಾಬ್ ಬಂದದ, ರಸ್ತಾಕ್ಕ ಏನ್ ಬೈತೀರಿ?"

ಗಡಿ ಹತ್ತಿರವಾದಂತೆ ಬಸ್ಸಿನೊಳಗೆ ಭಾಷೆ ಬದಲಾಗುತ್ತದೆ, ಖರಾಬ್ ಬದಲಾಗುವುದಿಲ್ಲ. ಕನ್ನಡದವನಿಗೆ "ಖರಾಬ್ ಆಗ್ಯಾದ". ಉರ್ದು ಮನೆಯ ಚಾಚಾನಿಗೆ "ಖರಾಬ್ ಹೋಗಯಾ". ತಾಂಡೂರು ಕಡೆಯ ತೆಲುಗಿನವನಿಗೆ "ಖರಾಬ್ ಅಯಿಂದಿ". ಕ್ರಿಯಾಪದ ಅವರವರ ಮನೆಯದು, ದುಃಖ ಎಲ್ಲರದೂ ಒಂದೇ. ಹೀಗಾಗಿ ನಮ್ಮ ಗಡಿಯಲ್ಲಿ ಭಾಷೆಯ ಜಗಳ ಅಷ್ಟಾಗಿ ನಡೆಯುವುದಿಲ್ಲ. ಮೂರೂ ಜನ ಕೂತು ಒಂದೇ ಕೆಟ್ಟುಹೋದ ಮೋಟಾರಿನ ಬಗ್ಗೆ ಮಾತಾಡುತ್ತಿರುವಾಗ ಜಗಳಕ್ಕೆ ಪುರಸೊತ್ತಾದರೂ ಎಲ್ಲಿ?

"ಕೆಟ್ಟ" ಎಂಬ ಅಚ್ಚಗನ್ನಡ ಮಾತು ಇರುವಾಗ ಈ ಖರಾಬ್ ಯಾಕೆ ಎಂದು ನೀವು ಕೇಳಬಹುದು. ಕೇಳುತ್ತಾರೆ ಕೂಡ, ಬೆಂಗಳೂರಿನ ಬೀಗರು ಇದನ್ನು ಕೇಳಲೆಂದೇ ಬರುತ್ತಾರೆ. ಉತ್ತರ ಬಹಳ ಸುಲಭ. ಕೆಟ್ಟ ಎಂದರೆ ತೀರ್ಪು, ಖರಾಬ್ ಎಂದರೆ ಸಮಾಚಾರ. "ಮಗ ಕೆಟ್ಟ" ಅಂದರೆ ಮುಗಿಯಿತು, ತಾಯಿ ಸೆರಗು ಬಾಯಿಗೆ ಒತ್ತಿಕೊಳ್ಳಬೇಕು. "ಮಗ ಖರಾಬ್ ಆಗ್ಯಾನ" ಅಂದರೆ ಹಾಗಲ್ಲ. ಮಗ ಚಲೋನೇ ಇದ್ದ, ದೋಸ್ತರು ಖರಾಬ್ ಮಾಡಿದರು, ಮದುವೆ ಮಾಡಿದರೆ ಸರಿಹೋದಾನು. ಅಪರಾಧಿ ಯಾವತ್ತೂ ಮನೆಯ ಹೊರಗಿನವನೇ. ಹಾಗೆಯೇ ಸೊಸೆ ಸಾರಿಗೆ ಎರಡು ಸಲ ಉಪ್ಪು ಹಾಕಿದ ದಿನ "ಸಾರು ಕೆಡಿಸಿದಿ" ಎಂದು ಯಾರಾದರೂ ಅಂದರೋ, ಸಂಜೆಯ ಬಸ್ಸಿಗೆ ತವರಿಗೆ ಟಿಕೆಟ್. "ಸಾರು ಖರಾಬ್ ಆಗ್ಯಾದ" ಅಂದರೆ ಅವಳೂ ತಲೆ ಆಡಿಸುತ್ತಾಳೆ. ಸಾರು ತಾನಾಗಿಯೇ, ಯಾರ ಸಹಾಯವೂ ಇಲ್ಲದೆ, ಒಲೆಯ ಮೇಲೆ ಕೂತಲ್ಲೇ ಖರಾಬ್ ಆಯಿತು. ಯಾರೇನು ಮಾಡಲಿಕ್ಕಾದೀತು?

ಇನ್ನು ಮನುಷ್ಯನನ್ನೇ ನೇರವಾಗಿ ಖರಾಬ್ ಅನ್ನುವುದುಂಟು. ಆಗ ಕಿವಿ ಸ್ವಲ್ಪ ಚುರುಕಾಗಿರಬೇಕು. "ಹೊಸ ಸಾಹೇಬ ಭಾಳ ಖರಾಬ್ ಅದಾನ್ರಿ" ಎಂದು ಕಚೇರಿಯ ಕಟ್ಟೆಯ ಮೇಲೆ ಯಾರಾದರೂ ಪಿಸುಗುಟ್ಟಿದರೆ, ಆ ಸಾಹೇಬ ಹತ್ತಕ್ಕೆ ಸರಿಯಾಗಿ ಬರುತ್ತಾನೆ, ದುಡ್ಡು ಮುಟ್ಟುವುದಿಲ್ಲ, ಕಡತ ಓದುತ್ತಾನೆ ಎಂದು ಅರ್ಥ. ಇಂಥ ಖರಾಬ್ ಜನ ನಮ್ಮಲ್ಲಿ ಬಹಳ ದಿನ ಉಳಿಯುವುದಿಲ್ಲ. ಬದಲಿಗೆ ಬಂದವನು "ಚಲೋ ಮನಷ್ಯಾ" ಅನ್ನಿಸಿಕೊಳ್ಳುತ್ತಾನೆ.

ಈ ಪದ ಅರಬ್ಬೀ ಸೀಮೆಯದು. ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಮೋಜು ಏನೆಂದರೆ, ಅದು ಒಂಟಿಯಾಗಿ ಬರಲಿಲ್ಲ, ದಿಬ್ಬಣ ಕಟ್ಟಿಕೊಂಡು ಬಂತು. ತಬಿಯತ್ ಅರಬ್ಬೀ. ಹವಾ ಅರಬ್ಬೀ. ನಸೀಬ್ ಅರಬ್ಬೀ. ದಿಮಾಕ್ ಕೂಡ ಅರಬ್ಬೀ. ಅಲ್ಲಿ ಅದು ಬರೀ ಮಿದುಳು, ಕರ್ನಾಟಕಕ್ಕೆ ಬಂದ ಮೇಲೆ ಅದಕ್ಕೆ ಸೊಕ್ಕು ಹತ್ತಿತು. ಹೀಗಾಗಿ ನಮ್ಮ ಅವ್ವ "ತಬಿಯತ್ ಖರಾಬ್ ಆಗ್ಯಾದ" ಅಂದಾಗ ಅದರಲ್ಲಿ ಕನ್ನಡ ಇರುವುದು "ಆಗ್ಯಾದ" ಮಾತ್ರ. ಆದರೂ ಅದನ್ನು ಹಾಗೆಯೇ ಎತ್ತಿಕೊಂಡು ಹೋಗಿ ಕೈರೋದಲ್ಲೋ ಬಾಗ್ದಾದಿನಲ್ಲೋ ಹೇಳಿದರೆ ಅಲ್ಲಿಯ ವೈದ್ಯ ಗಾಬರಿಯಾಗಿ ಎದ್ದು ನಿಂತಾನು. ಯಾಕೆಂದರೆ ಅವರಲ್ಲಿ ಖರಾಬ್ ಅಂದರೆ ಹಾಳುಬಿದ್ದದ್ದು, ಪಾಳು, ವಿನಾಶ. ಊರಿಗೆ ಊರೇ ಮಣ್ಣುಪಾಲಾದರೆ ಅದು ಖರಾಬ್. ಅದೇ ಧಾತುವಿನ ಖಿರ್ಬಾ ಎಂದರೆ ಪಾಳೂರು. 1947ರಲ್ಲಿ ಕುರಿ ಕಾಯುವ ಹುಡುಗರಿಗೆ ಮೃತ ಸಮುದ್ರದ ದಂಡೆಯ ಗವಿಯಲ್ಲಿ ಹಳೆಯ ಸುರುಳಿಗಳು ಸಿಕ್ಕವಲ್ಲ, ಅದರ ಮಗ್ಗುಲಿಗೇ ಇರುವ ಪಾಳು ನೆಲೆಯ ಹೆಸರು ಖಿರ್ಬೆತ್ ಕುಮ್ರಾನ್. ಇಬ್ನ್ ಖಲ್ದೂನ್ ಎಂಬ ದೊಡ್ಡ ಪಂಡಿತ 1377ರಲ್ಲಿ ಮುಕದ್ದಿಮಾ ಬರೆದಾಗ, ಅನ್ಯಾಯ ಹೆಚ್ಚಾದ ರಾಜ್ಯದಲ್ಲಿ ನಾಗರಿಕತೆಯೇ ಕುಸಿಯುತ್ತದೆ ಎಂದು ವಾದಿಸಲು ಬಳಸಿಕೊಂಡದ್ದು ಇದೇ ಖರಾಬನ್ನು. ಅಂಥ ಗಂಭೀರ ಪದವನ್ನು ನಾವು ತಂದು ಮಿರ್ಚಿ ಭಜಿ ತಿಂದ ಹೊಟ್ಟೆಗೆ ಹಚ್ಚಿದೆವು. ಒಂದು ಪ್ಲೇಟ್ ಮಿರ್ಚಿ ಹೆಚ್ಚಾಗಿದ್ದಕ್ಕೆ ನಾಗರಿಕತೆ ಕುಸಿದಂತೆ ಮುಖ ಮಾಡಿಕೊಂಡು ಕೂತವರನ್ನು ನೋಡಿದರೆ, ಪದ ಸರಿಯಾದ ಜಾಗಕ್ಕೇ ಬಂದಿದೆ ಅನ್ನಿಸುತ್ತದೆ.

ಬಂದ ದಾರಿಯೇನೂ ಗುಟ್ಟಲ್ಲ. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯ ಕಲಬುರಗಿಯಲ್ಲಿ ರಾಜಧಾನಿ ಮಾಡಿಕೊಂಡಿತು, ದರ್ಬಾರಿನಲ್ಲಿ ಫಾರಸಿ ಕೂತಿತು. ಫಾರಸಿಯವರು ಅರಬ್ಬೀ ಪದಗಳನ್ನು ಮೊದಲೇ ಕಿಸೆ ತುಂಬ ಹಾಕಿಕೊಂಡಿದ್ದರು. ಖರಾಬನ್ನು ವಿಶೇಷಣ ಮಾಡಿ ಪಳಗಿಸಿದವರೂ ಅವರೇ. ಆಮೇಲೆ ಆದಿಲಶಾಹಿ, ಮೊಗಲರು, ನಿಜಾಮರು. ಹೈದರಾಬಾದ್ ಸಂಸ್ಥಾನದಲ್ಲಿ 1884ರಲ್ಲಿ ಫಾರಸಿಯ ಕುರ್ಚಿಗೆ ಉರ್ದು ಬಂದು ಕೂತಿತು. ಕೋರ್ಟು, ಪೊಲೀಸ್, ಕಂದಾಯ, ಸಾಲಿ ಎಲ್ಲ ಉರ್ದು. ಅಷ್ಟರಲ್ಲಾಗಲೇ ಅಂದರೆ 1874ಕ್ಕೇ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಿದ್ದಿತ್ತು. ಚಿತ್ತಾಪುರ, ಸೇಡಂ ಹತ್ತಿದ ಮನುಷ್ಯ ಹೈದರಾಬಾದಿನಲ್ಲಿ ಇಳಿದು, ಬರುವಾಗ ಪಾವು ಸೇರು ಮಿಠಾಯಿ, ಎರಡು ಸೇರು ಉರ್ದು ತರುತ್ತಿದ್ದ. ಕನ್ನಡ ಮನೆಯ ಹುಡುಗರು ಮಗ್ಗಿಯನ್ನೂ ಉರ್ದುವಿನಲ್ಲಿ ಉರು ಹೊಡೆದರು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳಿಕೆ ಮುಗಿಯಿತು, 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದೆವು. ಆಡಳಿತ ಗಂಟುಮೂಟೆ ಕಟ್ಟಿತು, ಖರಾಬ್ ಮಾತ್ರ "ನಾ ಇಲ್ಲೇ ಇರ್ತೀನಿ" ಅಂತ ಕೂತುಬಿಟ್ಟಿತು.

ಈ ಕಾರಣಕ್ಕೇ ನಮ್ಮ ಕನ್ನಡವನ್ನು ಕಂಡರೆ ದಕ್ಷಿಣದ ಜಿಲ್ಲೆಯವರಿಗೆ ನಗು. "ನಿಮ್ಮದು ಕನ್ನಡಾನೋ ಉರ್ದುನೋ?" ಎಂದು ಕೇಳುತ್ತಾರೆ. ನಾವು ಎದೆ ಉಬ್ಬಿಸಿ ಮಳಖೇಡದ ಕಡೆ ಬೆರಳು ತೋರಿಸುತ್ತೇವೆ. ಸೇಡಂ ತಾಲೂಕಿನಲ್ಲೇ, ಕಾಗಿಣಾ ಹೊಳೆಯ ದಂಡೆಯ ಮೇಲಿದೆ ರಾಷ್ಟ್ರಕೂಟರ ಮಾನ್ಯಖೇಟ. 850ರ ಆಸುಪಾಸಿನಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ ಕವಿರಾಜಮಾರ್ಗ ಬರೆದ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ. ನಾವು ಕಲಿಸಿದ ಮೇಲೆ ನೀವು ಕಲಿತದ್ದು, ತಿಳೀತೇನು?

ಆದರೆ ಈ ವಾದವನ್ನು ಆ ಗ್ರಂಥ ಓದಿದವರ ಎದುರಿಗೆ ಮಾತ್ರ ಹೂಡಬಾರದು. ಯಾಕೆಂದರೆ ಕಾವೇರಿಯಿಂದ ಗೋದಾವರಿವರೆಗೆ ನಾಡು ಹಬ್ಬಿಸಿದ ಮೇಲೆ, ಅಪ್ಪಟ ಕನ್ನಡ, ತಿರುಳ್ಗನ್ನಡ ಎಲ್ಲಿದೆ ಎಂದು ಕವಿ ಊರುಗಳನ್ನು ಹೆಸರಿಸುತ್ತಾನೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ಬರೆಸಿದ ರಾಜನ ಊರು ಮಾನ್ಯಖೇಟ ಆ ಪಟ್ಟಿಯಲ್ಲಿಲ್ಲ! ರಾಜಧಾನಿಯಲ್ಲಿ ಕೂತು, ರಾಜನ ಅನ್ನ ಉಂಡು, ರಾಜನ ಓಣಿಯ ಕನ್ನಡವನ್ನೇ ಕೈಬಿಟ್ಟ ಆ ಕವಿಯ ಧೈರ್ಯ ನೋಡಿ. ಆಗ ಉರ್ದುವೂ ಇರಲಿಲ್ಲ, ನಿಜಾಮನೂ ಇರಲಿಲ್ಲ, ದೂರಲಿಕ್ಕೆ ಯಾರೂ ಇರಲಿಲ್ಲ. ನಮ್ಮ ಕನ್ನಡ ಆಗಲೇ ಸ್ವಂತ ಬಲದಿಂದ ಖರಾಬ್ ಇದ್ದಿರಬೇಕು.

ಇಷ್ಟಾಗಿ ಬೆಂಗಳೂರಿನವರೂ ಈ ಪದವನ್ನು ಬಿಟ್ಟಿಲ್ಲ, ತಲೆಕೆಳಗು ಮಾಡಿ ಇಟ್ಟುಕೊಂಡಿದ್ದಾರೆ. ಅಲ್ಲಿಯ ಹುಡುಗರಿಗೆ ಖರಾಬು ಅಂದರೆ ಭರ್ಜರಿ. ಅದು ನಮಗೆ ಗೊತ್ತಾದದ್ದು ಅಕ್ಕನ ಅಳಿಯ ಮೊದಲ ಎಳ್ಳ ಅಮಾಸಿಗೆ ಬಂದಾಗ.

ಎಳ್ಳ ಅಮಾಸಿ ನಮ್ಮ ಕಡೆ ಸಣ್ಣ ಹಬ್ಬ ಅಲ್ಲ. ಬುಟ್ಟಿ ತುಂಬ ಸಜ್ಜಿ ರೊಟ್ಟಿ, ಕಡುಬು, ಹುಗ್ಗಿ, ಶೇಂಗಾ ಹಿಂಡಿ, ಮತ್ತೆ ಭಜ್ಜಿ. ಈ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ; ಹೊಲದಲ್ಲಿ ಆ ಹೊತ್ತಿಗೆ ಸಿಗುವ ಹಸಿ ಕಾಳು, ಸೊಪ್ಪು, ಕಾಯಿಪಲ್ಯ ಎಲ್ಲ ಕೂಡಿಸಿ ಕುದಿಸಿದ ಗಟ್ಟಿ ಪಲ್ಯ. ಮನೆ ಮಂದಿಯೆಲ್ಲ ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಕಣದ ಮೇಲೆ ಸಾಲಾಗಿ ಕೂತು ಉಣ್ಣಬೇಕು. ಅಕ್ಕ ಬೆಳಗಿನ ನಾಲ್ಕಕ್ಕೆ ಎದ್ದು ಮಾಡಿದ್ದಳು. ಅಳಿಯ ಮೂರು ರೊಟ್ಟಿ ಉಂಡ, ಭಜ್ಜಿ ಎರಡು ಸಲ ಹಾಕಿಸಿಕೊಂಡ, ಕೈ ತೊಳೆದು ಬಂದು ತುಂಬು ಮನಸ್ಸಿನಿಂದ ಹೇಳಿದ:

"ಅತ್ತೆ, ಊಟ ಖರಾಬಾಗಿತ್ತು!"

ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಇನ್ನೂ ನಿಧಾನಕ್ಕೆ ಅಗಿಯುತ್ತ ಕೂತಿದ್ದ ಅಕ್ಕನ ಮಾವ, ನಮಗೆಲ್ಲ ಮುತ್ಯಾ, ತಲೆ ಎತ್ತಿ ಕೇಳಿದರು: "ಯಾಕಪಾ, ಏನ್ ಖರಾಬ್ ಆಗ್ಯಾದ? ಉಪ್ಪು ಹೆಚ್ಚಾಗ್ಯಾದೇನು?"

ಹುಡುಗನಿಗೆ ಎಡವಟ್ಟಾಗಿದೆ ಅನ್ನುವುದು ಹೊಳೆಯಿತು. ಸರಿಪಡಿಸಲು ಹೋದ. "ಅಯ್ಯೋ ಹಾಗಲ್ಲ ತಾತ, ಸಖತ್ ಖರಾಬು ಅಂದೆ!"

ಬೆಂಕಿ ಆರಿಸಲು ಡೀಸೆಲ್ ಸುರಿದಂತಾಯಿತು. ನಮ್ಮ ಕಡೆ ಸಖ್ತ್ ಅಂದರೆ ಬಿರುಸು, ಕಠಿಣ. ಫಾರಸಿಯಲ್ಲಿ ಅದರ ಅರ್ಥವೂ ಅದೇ. ಉರ್ದು ಸಾಲಿಯಲ್ಲಿ ಓದಿದ ಮುತ್ಯಾನ ಕಿವಿಗೆ ಬಿದ್ದದ್ದು, ಊಟ ಬರೀ ಖರಾಬ್ ಅಲ್ಲ, ಭಯಂಕರ ಖರಾಬ್ ಎಂದು. ಅಕ್ಕ ಸೌಟು ಕೆಳಗಿಟ್ಟಳು. ಆಕೆಯ ಮಗಳು ಓಡಿಬಂದು, ಗಂಡನ ಮಾನ ಉಳಿಸಲೆಂದು ಮೊಬೈಲಿನಲ್ಲಿ ಪೊಗರು ಸಿನಿಮಾದ 'ಖರಾಬು' ಹಾಡು ಹಚ್ಚಿದಳು. ಚಂದನ್ ಶೆಟ್ಟಿ ಮಾಡಿದ್ದು, 2020ರಲ್ಲಿ ಬಂದದ್ದು, ಊರೂರು ಕುಣಿದದ್ದು. ಖರಾಬು ಎಂಬುದು ಹೊಗಳಿಕೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂಬುದು ಅವಳ ವಾದ. ಮುತ್ಯಾ ಕನ್ನಡಕ ಸರಿಮಾಡಿಕೊಂಡು ಹಾಡನ್ನು ಪೂರ್ತಿ ನೋಡಿದರು. "ಇದು ಖರಾಬ್ ಅದ ಅಂದ್ರ ನಾ ಒಪ್ತೀನಿ" ಎಂದರು.

ಆಮೇಲೆ ಅವರಿಗೆ ನಿಜವಾದ ಕುತೂಹಲ ಹುಟ್ಟಿತು. "ಅಲ್ಲೋ ತಮ್ಮಾ, ನಿಮ್ಮ ಬೆಂಗಳೂರಾಗ ಚಲೋದಕ್ಕ ಖರಾಬ್ ಅಂದ್ರ, ಖರಾಬಿಗಿ ಏನಂತೀರಿ?"

"ಡಬ್ಬಾ ಅಂತೀವಿ ತಾತ."

"ಮತ್ತ ಡಬ್ಬಾಕ್ಕ?"

ಅಳಿಯನ ಬಳಿ ಉತ್ತರ ಇರಲಿಲ್ಲ. ನಾನು ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ: ನಮ್ಮ ಕನ್ನಡಕ್ಕೆ ಉರ್ದು ಮೆತ್ತಿಕೊಂಡಿದೆ ಎಂದು ನಗುವ ರಾಜಧಾನಿಯಲ್ಲಿ ಅತಿ ದೊಡ್ಡ ಹೊಗಳಿಕೆ ಎರಡು, ಒಂದು ಫಾರಸಿಯ ಸಖತ್, ಇನ್ನೊಂದು ಅರಬ್ಬೀ ಖರಾಬು. ಇವೆರಡೂ ನಮ್ಮ ವಾಡಿ ಜಂಕ್ಷನ್ನಿನಲ್ಲೇ ರೈಲು ಬದಲಿಸಿ ದಕ್ಷಿಣಕ್ಕೆ ಇಳಿದವು ಎಂದು ನಾನು ಹಟ ಹಿಡಿಯುವುದಿಲ್ಲ. ಹೈದರಾಲಿ, ಟಿಪ್ಪುವಿನ ಶ್ರೀರಂಗಪಟ್ಟಣವೂ ಇತ್ತಲ್ಲ.

ಹೊಗಳಿಕೆಯ ಖರಾಬನ್ನು ಬೆಂಗಳೂರಿನವರು ಹೀಗೆ ಧಾರಾಳವಾಗಿ ಬಳಸಿದರೂ, ಇನ್ನೊಂದು ಖರಾಬ್ ಕೇಳಿದರೆ ಅವರ ಮುಖ ಬಿಳಿಚುತ್ತದೆ. ಅದು ಪಹಣಿಯಲ್ಲಿರುವ ಖರಾಬ್. ಅಳಿಯನೂ ಅದೇ ಸಂಕಟದಲ್ಲಿದ್ದ. ಊರ ಹೊರಗೆ ಒಂದು ಸೈಟು ನೋಡಿದ್ದನಂತೆ, ಮುಂಗಡಕ್ಕೆ ದುಡ್ಡು ಹೊಂದಿಸಿದ್ದನಂತೆ, ಕಾಗದ ನೋಡಿದ ವಕೀಲರು ಮಾತ್ರ ಒಂದಿಷ್ಟು ಭಾಗ "ಬಿ ಖರಾಬು" ಎಂದು ತಲೆ ಅಲ್ಲಾಡಿಸಿದರಂತೆ. ಇದನ್ನು ಕೇಳಿ ಮುತ್ಯಾನಿಗೆ ಹುರುಪು ಬಂತು. ಜೀವಮಾನವಿಡೀ ಪಹಣಿ ಹಿಡಿದು ತಹಶೀಲಿಗೆ ತಿರುಗಿದ ಜೀವ.

ಪಹಣಿಯ ವಿಸ್ತೀರ್ಣದ ಕಾಲಮ್ಮಿನಲ್ಲಿ ಒಟ್ಟು ಎಷ್ಟು ಎಕರೆ, ಎಷ್ಟು ಗುಂಟೆ ಎಂದು ಬರೆದ ಮೇಲೆ ಅದರಿಂದ "ಫೂಟ್ ಖರಾಬ್" ಕಳೆಯುತ್ತಾರೆ. ಫೂಟ್ ಅನ್ನುವುದು ಅಡಿಯ ಲೆಕ್ಕವಲ್ಲ, ಮರಾಠಿಯ ಪೋಟ್. ಪೋಟ್ ಅಂದರೆ ಹೊಟ್ಟೆ. ಹೊಲದ ಹೊಟ್ಟೆಯೊಳಗೇ ಇರುವ, ಕಂದಾಯ ಹಾಕದ ಜಾಗ ಅದು. ಅಂದರೆ ಮನುಷ್ಯನಂತೆ ಭೂಮಿಗೂ ನಮ್ಮ ಸರಕಾರ "ಹೊಟ್ಟಿ ಖರಾಬ್" ಎಂದು ಬರೆದುಕೊಡುತ್ತದೆ. ಇದರಲ್ಲಿ ಎರಡು ಜಾತಿ, 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲೇ ಇದೆ. ಅಳತೆಯ ಕಾಲಕ್ಕೆ ಒಕ್ಕಲುತನಕ್ಕೆ ಬಾರದ್ದು ಎಂದು ಕಂಡದ್ದು ಎ ಖರಾಬ್. ಸಾರ್ವಜನಿಕರ ರಸ್ತೆ, ಕಾಲುದಾರಿ, ಹಳ್ಳ, ಕೆರೆ, ಕುಡಿಯುವ ನೀರಿನ ಬಾವಿ, ಸುಡುಗಾಡು ಇವೆಲ್ಲ ಬಿ ಖರಾಬ್. ಎ ಖರಾಬ್ ಹೊಲದವನ ಕೈಯಲ್ಲೇ ಉಳಿಯುತ್ತದೆ. ಬಿ ಖರಾಬ್ ಊರಿನದು, ಅದನ್ನು ಸೈಟು ಮಾಡಿ ಮಾರಿದವನು ಜಾಣ, ಕೊಂಡವನು ಕೋರ್ಟಿನ ಗಿರಾಕಿ. ಬೆಂಗಳೂರಿನ ಸುತ್ತ ಈ ಖರಾಬಿಗೆ ಕೋಟಿಗಟ್ಟಲೆ ಬೆಲೆ ಬಂದು, ಅಲ್ಲಿ ಖರಾಬು ಅಂದರೆ ಭರ್ಜರಿ ಅನ್ನುವುದಕ್ಕೆ ಕಂದಾಯ ಇಲಾಖೆಯ ಮೊಹರೂ ಬಿದ್ದಂತಾಗಿದೆ.

ನಮ್ಮ ಕಡೆಯೂ ಖರಾಬ್ ಏನು ಕಡಿಮೆ ಚೇಷ್ಟೆ ಮಾಡಿಲ್ಲ. ಶಹಾಬಾದ್ ಎಂಬ ಹೆಸರನ್ನೇ ನೋಡಿ. ಆಬಾದ್ ಅಂದರೆ ಜನ ತುಂಬಿದ್ದು, ಬೆಳೆ ತುಂಬಿದ್ದು. ಖರಾಬಿಗೆ ಸರಿಯಾದ ವಿರುದ್ಧ ಪದ. ಹೆಸರಿನಲ್ಲಿ ಆಬಾದ್, ಮಣ್ಣು ಕೆದರಿದರೆ ಬಂಡೆ. ಕುಂಟೆ ತಾಗಿದಲ್ಲೆಲ್ಲ ಖಣ್ ಎನ್ನುವ, ಜೋಳದ ಬೇರು ಇಳಿಯದ ಗುಂಟೆಗಳನ್ನು ಕಂದಾಯದವರು ಖರಾಬ್ ಎನ್ನದೆ ಇನ್ನೇನು ಅನ್ನಬೇಕು? ಆದರೆ ಆ ಬಂಡೆಯೇ ಪದರು ಪದರಾಗಿ ಎದ್ದು ಶಹಾಬಾದಿ ಫರಸಿಯಾಯಿತು (ಫರ್ಶ್ ಎಂಬುದೂ ಅರಬ್ಬೀ, ಹಾಸಿದ್ದು ಎಂದರ್ಥ), ದೇಶದ ಎಷ್ಟು ಅಡುಗೆಮನೆ, ಬಚ್ಚಲು, ಅಂಗಳಗಳಲ್ಲಿ ಹಾಸಿಕೊಂಡು ಮಲಗಿದೆಯೋ ಲೆಕ್ಕವಿಲ್ಲ. ಅದೇ ಸುಣ್ಣಕಲ್ಲು ಸುಟ್ಟು ಪುಡಿಯಾಗಿ ಸಿಮೆಂಟಾಯಿತು. ಶಹಾಬಾದಿನಲ್ಲಿ ನಿಜಾಮನ ಕಾಲಕ್ಕೇ ಕಾರ್ಖಾನೆ ಬಂತು, ಆಮೇಲೆ ವಾಡಿಯಲ್ಲಿ ಎಸಿಸಿ, ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ. ಮಣ್ಣು ಆಳವಿದ್ದ ಎರಿ ಹೊಲದವನು ಮಳೆಗಾಗಿ ಮುಗಿಲು ನೋಡುತ್ತ ಕೂತ, ಬಂಡೆ ಹೊಲದವನ ಮನೆಗೆ ದಲಾಲಿ ಚಾ ಕುಡಿಯಲು ಬಂದ. ಬಂದ ದುಡ್ಡು ಎಷ್ಟು ಜನರ ಕೈಯಲ್ಲಿ ನಿಂತಿತು, ಧೂಳು ಎಷ್ಟು ಜನರ ಎದೆಯಲ್ಲಿ ನಿಂತಿತು ಅನ್ನುವುದು ಹರಟೆಯ ಮಾತಲ್ಲ. ಹವಾ ಖರಾಬ್ ಅದ ಅನ್ನುವ ಮಾತಿಗೆ ವಾಡಿಯ ಕಡೆ ಇನ್ನೊಂದು ಅರ್ಥವೂ ಇದೆ ಎಂದಷ್ಟೇ ಹೇಳುತ್ತೇನೆ.

ಚಿಂಚೋಳಿಯವರು ಈ ವಿಷಯದಲ್ಲಿ ಪುಣ್ಯವಂತರು. ಅವರಿಗೆ ಕಾಡು ಇದೆ, ಚಂದ್ರಂಪಳ್ಳಿಯ ನೀರಿದೆ. ಅಲ್ಲಿಂದ ಬಂದ ನೆಂಟರು ನಮ್ಮ ಹವಾ ಕುಡಿದು ಎರಡೇ ದಿನಕ್ಕೆ ಕೆಮ್ಮುತ್ತ ವಾಪಸು ಹೋಗುತ್ತಾರೆ. ನೆಂಟರನ್ನು ಸಾಗಹಾಕಲು ಇದಕ್ಕಿಂತ ಸಭ್ಯ ಉಪಾಯ ನಾನು ಕಂಡಿಲ್ಲ.

ಎ ಮತ್ತು ಬಿ ಖರಾಬಿನ ಈ ಪುರಾಣವನ್ನು ಅಳಿಯನಿಗೆ ಮುತ್ಯಾ ಅರ್ಧ, ನಾನು ಅರ್ಧ ಹೇಳಿದೆವು. ಎ ಖರಾಬಿನ ಪಟ್ಟಿಯಲ್ಲಿ ಇನ್ನೆರಡು ಬಿಟ್ಟುಹೋಗಿದ್ದವು, ನೆನಪಾಗಿ ಸೇರಿಸಿದೆ: ರೈತನ ಹೊಲದ ಮನೆ, ಮತ್ತು ಕಣ. ರಾಶಿ ಮಾಡುವ ಕಣದಲ್ಲಿ ಬಿತ್ತುವುದಿಲ್ಲವಲ್ಲ, ಅದಕ್ಕೇ ಅದೂ ನಿಯಮದ ಪ್ರಕಾರ ಖರಾಬ್.

ಮುತ್ಯಾ ಅಗಿಯುವುದನ್ನು ನಿಲ್ಲಿಸಿದರು. ಇದು ಅವರಿಗೂ ಹೊಸದು.

"ಅಂದ್ರ ಈಗ ನಾವು ಉಣ್ಲಾಕ ಕುಂತದ್ದು ಎ ಖರಾಬಿನಾಗ?"

"ಹೂಂ ಮುತ್ಯಾ."

"ನಾಳಿ ನೀವೆಲ್ಲ ಕೂಡಿ ನನ್ನ ಒಯ್ದು ಇಡೋದು ಬಿ ಖರಾಬಿನಾಗ?"

ಯಾರೂ ಹೂಂ ಅನ್ನಲಿಲ್ಲ. ಅಳಿಯ ಹುಡುಗನಂತೂ ನೆಲ ನೋಡತೊಡಗಿದ. ಮುತ್ಯಾ ಸ್ವಲ್ಪ ಹೊತ್ತು ಎರಡನ್ನೂ ತೂಗಿ ನೋಡಿದವರಂತೆ ಕೂತು, ತಾಟನ್ನು ಅಕ್ಕನ ಮುಂದೆ ಚಾಚಿದರು.

"ಹಂಗಿದ್ರ ಇನ್ನೊಂದು ಸಜ್ಜಿ ರೊಟ್ಟಿ ಹಾಕವ್ವಾ. ಭಜ್ಜೀನೂ ಹಾಕು. ಸದ್ಯಕ್ಕ ಈ ಖರಾಬೇ ಚಲೋ ಅದ."